ದೀಪಿಕಳ ಪಥ್ಯ

ಜೂನ್ ೧೦, ಮಂಡ್ಯ

ಕೊನೆಗೂ ಬಂದು ಸೇರಿದ್ದಾಯಿತು. ದಿಲ್ಲಿಯಲ್ಲ, ಲಖನೌ ಅಲ್ಲ, ಮಂಡ್ಯ. ಮಕ್ಕಳ ವೈದ್ಯನಾದ ಮೇಲೆ ಮಕ್ಕಳ ಕರುಳು ಮತ್ತು ಲಿವರ್ ಕಾಯಿಲೆಗಳಲ್ಲೇ ಪರಿಣತನಾಗಬೇಕು ಅಂತ ಹಟ ಹಿಡಿದು ಊರೂರಿಗೆ ಅರ್ಜಿ ಹಾಕಿದೆ. ದೊಡ್ಡ ಊರಿನವರೆಲ್ಲ ಕಾಯುವವರ ಸಾಲಿನಲ್ಲಿ ನಿಲ್ಲಿಸಿದರು. ಬಾ ಅಂದವರು ಡಾಕ್ಟರ್ ಅರುಂಧತಿ ಒಬ್ಬರೇ. ಆಸ್ಪತ್ರೆ ಒಂದು ಟ್ರಸ್ಟಿನದು. ಎರಡನೇ ಮಹಡಿಯಲ್ಲಿ ನಮ್ಮ ವಿಭಾಗ, ಅದಕ್ಕೊಂದು ಪುಟ್ಟ ವಾರ್ಡು, ಕಿಟಕಿಯಾಚೆ ಕಬ್ಬಿನ ಲಾರಿಗಳು. ಹುಬ್ಬಳ್ಳಿಯಲ್ಲಿ ಅವ್ವ ಕೇಳಿದವರಿಗೆಲ್ಲ ಮಗ ಬೆಂಗಳೂರು ಹತ್ತಿರ ಇದ್ದಾನೆ ಅಂತ ಹೇಳುತ್ತಿದ್ದಾಳೆ.

ಮೇಡಂ ಕುಳ್ಳಗಿದ್ದಾರೆ. ಕಾಟನ್ ಸೀರೆಗೆ ಕ್ಯಾನ್ವಾಸ್ ಶೂ. ಹುಟ್ಟಿದ್ದು ಕಿರುಗಾವಲಿನಲ್ಲಂತೆ. ನನ್ನ ಪ್ರಬಂಧಗಳ ಫೈಲನ್ನು ತೆರೆಯದೆ ಪಕ್ಕಕ್ಕೆ ಸರಿಸಿದರು.

"ಹುಬ್ಬಳ್ಳಿಯವರು ನೀವು. ಮುದ್ದೆ ನುಂಗಕ್ಕೆ ಬರುತ್ತಾ?"

"ಇಲ್ಲ ಮೇಡಂ."

"ಕಲೀರಿ. ಎಂಡೋಸ್ಕೋಪಿ ಆಮೇಲೆ ಕಲಿಸ್ತೀನಿ."

ತಮಾಷೆ ಅಂದುಕೊಂಡೆ. ಮಧ್ಯಾಹ್ನ ಮೆಸ್ಸಿನಲ್ಲಿ ನಿಜವಾಗಿಯೂ ಮುದ್ದೆ ಬಂತು. ಅಗಿದೆ. ಹಲ್ಲಿಗೆಲ್ಲ ಮೆತ್ತಿಕೊಂಡಿತು. ಎದುರಿಗಿದ್ದವರು ಊಟ ಬಿಟ್ಟು ನನ್ನ ದವಡೆಯನ್ನೇ ನೋಡಿದರು. ಸಂಜೆ ಬೇಕರಿಗೆ ಹೋಗಿ ಬನ್ನು ತಿಂದು ಬಂದೆ.

ಜೂನ್ ೧೯

ಇವತ್ತು ಒಂದು ಒಳ್ಳೆಯ ಲಿವರ್ ಕೇಸು ಬಂತು. ಮದ್ದೂರಿನ ಹೆಣ್ಣುಮಗು, ಐದು ವರ್ಷ. ಹೊಟ್ಟೆ ಮುಂದಕ್ಕೆ ಬಂದಿದೆ, ಕೈಕಾಲು ಕಡ್ಡಿ. ರಕ್ತ ಕಡಿಮೆ, ಆಗಾಗ ಭೇದಿ, ಎರಡು ವರ್ಷದಿಂದ ಎತ್ತರವೇ ಬೆಳೆದಿಲ್ಲ. ರಕ್ತಪರೀಕ್ಷೆಯಲ್ಲಿ ಲಿವರಿನ ಅಂಕಿಗಳು ಇರಬೇಕಾದ್ದಕ್ಕಿಂತ ಬಹಳ ಮೇಲಿವೆ. ಎಲ್ಲೋ ಯಾರೋ ಲಿವರ್ ವೀಕು ಅಂತ ಹೇಳಿ ಪಥ್ಯ ಬರೆದುಕೊಟ್ಟಿದ್ದಾರೆ. ಅಪರೂಪದ ಲಿವರ್ ಕಾಯಿಲೆ ಏನಾದರೂ ಇದ್ದೀತು ಅಂತ ನನಗೆ ಒಳಗೊಳಗೇ ಹುರುಪು.

ಮೇಡಂ ಮಗುವನ್ನು ಮೇಜಿನ ಮೇಲೆ ಮಲಗಿಸಲಿಲ್ಲ. ಗಿಡ್ಡ ಸ್ಟೂಲಿನ ಮೇಲೆ ಕೂತು, ಮಗು ತಾಯಿಯ ತೊಡೆ ಮೇಲಿದ್ದಂತೆಯೇ ನೋಡಿದರು. ಮುಟ್ಟುವ ಮುಂಚೆ ಎರಡು ಅಂಗೈಗಳನ್ನು ಚೆನ್ನಾಗಿ ಉಜ್ಜಿ, ಬೆಚ್ಚಗಾಯಿತೇ ಅಂತ ಮೊದಲು ತಮ್ಮ ಕೆನ್ನೆಗೆ ಇಟ್ಟು ನೋಡಿ, ಆಮೇಲೆ ಹೊಟ್ಟೆಯ ಮೇಲಿಟ್ಟರು. ನಾನು ಮುಟ್ಟಿದಾಗ ಕಲ್ಲಾಗಿದ್ದ ಹೊಟ್ಟೆ ಅವರ ಕೈಗೆ ಮೆತ್ತಗಾಯಿತು. ಇದನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಹೊಟ್ಟೆಕಿಚ್ಚಾಯಿತು ಅಂತ ಬರೆದುಬಿಡುತ್ತೇನೆ, ಯಾರು ಓದುತ್ತಾರೆ.

ಅವರದ್ದೊಂದು ಅಭ್ಯಾಸ ಮಾತ್ರ ನನ್ನ ತಾಳ್ಮೆ ಕೆಡಿಸುತ್ತದೆ. ಮಗು ಏನು ತಿನ್ನುತ್ತದೆ ಅಂತ ನೇರ ಕೇಳುವುದಿಲ್ಲ. "ನಿನ್ನೆ ಬೆಳಿಗ್ಗೆ ಎದ್ದಾಗಿಂದ ಹೇಳವ್ವ" ಅನ್ನುತ್ತಾರೆ. ತಾಯಂದಿರು ಎದ್ದ ಕಥೆ, ಬಿದ್ದ ಕಥೆ, ನಲ್ಲಿ ನೀರಿನ ಕಥೆ ಎಲ್ಲ ಹೇಳುತ್ತಾರೆ. ಹೊರಗೆ ಸಾಲು ಮೆಟ್ಟಿಲಿನವರೆಗೆ ಬೆಳೆಯುತ್ತದೆ. ನಾನು ಗಡಿಯಾರ ನೋಡುತ್ತೇನೆ.

ಈ ಮಗುವಿನ ತಾಯಿ ವೀಣ, ಗಾರ್ಮೆಂಟ್ಸಿಗೆ ಹೋಗುವವಳು. ಅವಳಿಗೆ ಎಲ್ಲ ಬಾಯಿಪಾಠ. "ಎದ್ದೇಟ್ಗೆ ಹಾಲು, ರಸ್ಕು. ಆಮ್ಯಾಕೆ ರವೆ ಗಂಜಿ. ಮದ್ಯಾನ ಬ್ರೆಡ್ಡು. ರಾತ್ರಿಗೂ ಬ್ರೆಡ್ಡು ಹಾಲೇಯ. ಮುದ್ದೆ ಮುಟ್ಸಿಲ್ಲ ಮೇಡಮ್ಮೋರೆ, ಭಾರ ಆಯ್ತದೆ ಅಂದವ್ರೆ. ನಾವೂ ಮನೇಲಿ ಅವ್ಳ ಮುಂದೆ ಉಣ್ಣಾಕಿಲ್ಲ."

ಇಷ್ಟು ಕಟ್ಟುನಿಟ್ಟಾಗಿ ಪಥ್ಯ ಮಾಡಿಸುವ ತಾಯಿಯನ್ನು ನಾನು ನೋಡೇ ಇಲ್ಲ. ಮೇಡಂ ಕೂಡ "ಶಹಬ್ಬಾಸ್ ಕಣವ್ವ" ಅಂದರು. ಲಿವರಿನ ಪರೀಕ್ಷೆಗಳೆಲ್ಲ ಶುರುವಾಗಿವೆ.

ಜುಲೈ ೪

ಲಿವರ್ ಕೇಸಿನ ಹೆಸರು ದೀಪಿಕ. ಲಿವರಿನಲ್ಲಿ ತಾಮ್ರ ಸೇರಿಕೊಳ್ಳುವ ಕಾಯಿಲೆ ಇದೆಯೇ ಅಂತ ಕಣ್ಣಿನ, ರಕ್ತದ ಪರೀಕ್ಷೆಗೆ, ವೈರಸ್ಸಿಗೆ ಅಂತ ಮೂರು ಸಲ ಬಂದುಹೋದಳು. ಎಲ್ಲ ಸರಿಯಾಗಿದೆ, ಅಂದರೆ ನಮಗೆ ಏನೂ ಗೊತ್ತಾಗಲಿಲ್ಲ.

ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದವಳು ಈಗ ಹತ್ತಿರ ಬರುತ್ತಾಳೆ. ಗುಟ್ಟು ಏನೆಂದರೆ ಕೋಟಿನ ಜೇಬಿನಲ್ಲಿ ಕ್ರೀಮ್ ಬಿಸ್ಕತ್ತು ಇಟ್ಟುಕೊಂಡಿರುತ್ತೇನೆ. "ಹೊಟ್ಟಿ ನೋಯ್ತೈತೇನವಾ?" ಅಂದರೆ "ಒಟ್ಟಿ ಅಲ್ಲ, ಒಟ್ಟೆ" ಅಂತ ನನ್ನ ಮಾತನ್ನೇ ತಿದ್ದುತ್ತಾಳೆ. ಬೇರೆಯವರ ಕೈಯಲ್ಲಿ ತಿನ್ನದವಳು ನನ್ನ ಕೈಯಿಂದ ತಿನ್ನುತ್ತಾಳೆ ಅಂತ ಸಿಸ್ಟರುಗಳೆದುರು ಕೊಚ್ಚಿಕೊಂಡೆ.

ತಂದೆ ಮಹದೇವ ಇವತ್ತು ಬಂದಿದ್ದ. ಮದ್ದೂರು ರೈಲ್ವೇ ಸ್ಟೇಷನ್ನಿನ ಹತ್ತಿರ ಅವನದ್ದೊಂದು ವಡೆ ಅಂಗಡಿ. ಹಿಟ್ಟು ಕಲಸುವುದು ಮನೆಯಲ್ಲೇ. ಪೇಪರಿನಲ್ಲಿ ಸುತ್ತಿದ ಬಿಸಿ ವಡೆಯನ್ನು ನನ್ನ ಮೇಜಿನ ಮೇಲಿಟ್ಟ. ಈರುಳ್ಳಿ, ಕರಿಬೇವು, ಅಂಚು ಗರಿಗರಿ, ನಡುವೆ ಮೆತ್ತಗೆ. ಮಂಡ್ಯದ ಬಗ್ಗೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು.

ಆಗಸ್ಟ್ ೮, ಮಳವಳ್ಳಿ

ತಿಂಗಳಿಗೊಮ್ಮೆ ಮೇಡಂ ಮಳವಳ್ಳಿಯ ಸಮುದಾಯ ಭವನದಲ್ಲಿ ಶಿಬಿರ ನಡೆಸುತ್ತಾರೆ. ಮಂಡ್ಯದವರೆಗೆ ಮಗು ಎತ್ತಿಕೊಂಡು ಬರಲು ಆಗದವರಿಗೆ ಅಂತ.

ದೀಪಿಕ ಬಂದಿದ್ದಳು, ಅಜ್ಜಿಯ ಜೊತೆ. ವೀಣಳಿಗೆ ಡೆಂಗಿ ಜ್ವರ ಬಂದು ಮಲಗಿದ್ದರಿಂದ ಮಗುವನ್ನು ಒಂದು ತಿಂಗಳು ಹಲಗೂರಿಗೆ, ಅವಳ ತವರಿಗೆ ಕಳಿಸಿದ್ದರಂತೆ. ನನಗೆ ಗುರುತೇ ಸಿಗಲಿಲ್ಲ. ಕೆನ್ನೆ ಬಂದಿದೆ. ಹೊಟ್ಟೆ ಇಳಿದಿದೆ. ಭೇದಿ ನಿಂತಿದೆ. ಭವನದ ತುಂಬ ಓಡಾಡಿ ಕುರ್ಚಿ ಬೀಳಿಸಿದಳು. ಒಂದು ತಿಂಗಳ ಹಿಂದೆ ಈ ಮಗು ನಡೆದರೆ ಸುಸ್ತಾಗಿ ಕೂರುತ್ತಿತ್ತು.

ಅಜ್ಜಿ ಚಿಕ್ಕಬೋರಮ್ಮ ಮಾತ್ರ ಒಂದು ಮೂಲೆ ಹಿಡಿದು ನಿಂತಿದ್ದಳು. "ಪಥ್ಯ ಮಾಡಿಸಿದ್ರಾ ಅಜ್ಜಿ?" ಅಂತ ಕೇಳಿದೆ. "ಮಾಡಿವ್ನಿ ಕಣಪ್ಪ, ಯೋಳ್ದಂಗೇ ಮಾಡಿವ್ನಿ" ಅಂದವಳು ಸೆರಗು ಎಳೆದುಕೊಂಡು ಆಚೆ ನೋಡಿದಳು. ಮೇಡಂಗೆ ಇವತ್ತು ಇನ್ನೊಂದು ಮಗುವಿನ ಗಡಿಬಿಡಿ, ನಿನ್ನೆಯ ಕಥೆ ಕೇಳಲು ಪುರಸೊತ್ತಾಗಲಿಲ್ಲ.

ಜುಲೈಯಲ್ಲಿ ನಾನು ಒಂದು ಸಿರಪ್ ಬರೆದಿದ್ದೆ. ಅದೇ ಹಿಡಿದಿದೆ, ಸಂಶಯವಿಲ್ಲ. ಅವ್ವನಿಗೆ ಫೋನ್ ಮಾಡಿ ಒಂದು ಮಗು ಉಳಿಸಿದೆ ಅಂದೆ.

ಸೆಪ್ಟೆಂಬರ್ ೧೨

ದೀಪಿಕ ವಾರ್ಡಿಗೆ ಸೇರಿದ್ದಾಳೆ. ತಾಯಿಗೆ ಹುಷಾರಾಗಿ ಮಗು ಮದ್ದೂರಿಗೆ ಮರಳಿದ ಕೆಲವೇ ವಾರಗಳಲ್ಲಿ ಎಲ್ಲ ಮೊದಲಿನಂತೆ, ಅಲ್ಲ, ಮೊದಲಿಗಿಂತ ಕೆಟ್ಟಿತು. ಕಾಲಲ್ಲಿ ನೀರು. ಲಿವರಿನ ಅಂಕಿಗಳು ಇನ್ನೂ ಮೇಲೆ. ಸಿರಪ್ಪು ಒಂದು ಹೊತ್ತೂ ತಪ್ಪಿಲ್ಲ, ವೀಣ ತಪ್ಪಿಸುವವಳೇ ಅಲ್ಲ.

ಈ ಕಡೆಯ ಜನರನ್ನು ಮೆಚ್ಚಲೇಬೇಕು. ಆಸ್ಪತ್ರೆಗೆ ಬರಿಗೈಯಲ್ಲಿ ಬರುವವರಿಲ್ಲ. ಗಾರ್ಮೆಂಟ್ಸಿನ ಗೆಳತಿಯರು, ಪಕ್ಕದ ಅಂಗಡಿಯವರು, ಮಹದೇವನ ಅಣ್ಣ ಅತ್ತಿಗೆ ಎಲ್ಲರೂ ಬ್ರೆಡ್ಡು, ಬಿಸ್ಕತ್ತು ಹಿಡಿದೇ ಬರುತ್ತಾರೆ. ಕಿಟಕಿಯ ಕಟ್ಟೆಯ ಮೇಲೆ ಬ್ರೆಡ್ಡಿನ ಸಾಲು ನಿಂತಿದೆ. ಹಾಲಿನಲ್ಲಿ ಅದ್ದಿ ಒಂದೊಂದೇ ತುಣುಕು ಬಾಯಿಗಿಡುತ್ತ "ನನ್ ಬಂಗಾರ, ಇದೊಂದು" ಅನ್ನುತ್ತಾರೆ. ಇಷ್ಟು ಪ್ರೀತಿ ಸಿಕ್ಕಿದ ಮೇಲೂ ಮಗು ಯಾಕೆ ಸೊರಗುತ್ತದೋ ತಿಳಿಯುತ್ತಿಲ್ಲ.

ಬಾರದವಳು ಅಜ್ಜಿ ಒಬ್ಬಳೇ. ಕಾರಣ ಸಂಜೆ ಗೊತ್ತಾಯಿತು. ವಾರ್ಡಿನ ನಡುವೆಯೇ ಮಹದೇವ ಹೆಂಡತಿಯ ಮೇಲೆ ರೇಗಿದ.

"ನಿಮ್ಮವ್ವನ ಮನೇಲಿ ಅದೇನು ತಿನ್ಸಿದ್ರೋ ಯಾರು ಕಂಡವ್ರೆ. ಅಲ್ಲಿಂದ ಬಂದ್ಮ್ಯಾಕಲ್ವಾ ಮಗಿ ಇಂಗಾಗಿದ್ದು? ಆವಮ್ಮ ಇಲ್ಲೀಗಂಟ ಬರ್ಕೂಡ್ದು ಅಂತ ಯೋಳ್ಬುಡು."

ಎಲ್ಲ ಹಾಸಿಗೆಯವರೂ ಕೇಳಿದರು. ವೀಣ ತಲೆ ತಗ್ಗಿಸಿ ಹಾಲಿನ ಲೋಟ ತೊಳೆಯಲು ಹೋದಳು.

ಸೆಪ್ಟೆಂಬರ್ ೧೫

ತೂಕ ಮತ್ತೆ ಇಳಿದಿದೆ. ಇವತ್ತು ಬಿಸ್ಕತ್ತನ್ನೂ ಕೈಯಲ್ಲಿ ಹಿಡಿದುಕೊಂಡೇ ಮಲಗಿಬಿಟ್ಟಳು. ಬೇರೇನು ಬರೆಯಲಿ.

ಸೆಪ್ಟೆಂಬರ್ ೧೬

ಲಿವರಿಗೆ ಸೂಜಿ ಹಾಕಿ ಚೂರು ತೆಗೆದು ನೋಡೋಣ ಅಂದೆ. ಇಷ್ಟು ಬಡವಾದ ಮಗುವಿಗೆ ಅದರಲ್ಲಿ ಅಪಾಯ ಇಲ್ಲದಿಲ್ಲ, ರಕ್ತ ನಿಲ್ಲದೆಹೋದರೆ ಕೈಮೀರುತ್ತದೆ. ಆದರೆ ಬೇರೆ ದಾರಿ ನನಗೆ ಕಾಣುತ್ತಿಲ್ಲ. ಮೇಡಂ ಮಗುವಿನ ಫೈಲನ್ನು ಹಿಂದಕ್ಕೆ, ಜೂನಿನವರೆಗೂ ತಿರುವಿದರು.

"ಶಶಿಧರ್, ಈ ಮಗು ಎರಡು ವರ್ಷದಲ್ಲಿ ಒಂದೇ ಒಂದು ತಿಂಗಳು ಚೆನ್ನಾಗಿತ್ತು. ಆ ತಿಂಗಳ ನಿನ್ನೆಗಳನ್ನ ಯಾರಾದ್ರೂ ಕೇಳಿದ್ವಾ?"

"ಆವಾಗ ಸಿರಪ್ ಶುರು ಮಾಡಿದ್ದೆ ಮೇಡಂ."

"ಸಿರಪ್ ಈಗ್ಲೂ ಕೊಡ್ತಿದೀರಲ್ಲ."

ನಾಳೆ ಬೆಳಿಗ್ಗೆ ನಾನು ಹಲಗೂರಿಗೆ ಹೋಗಿ ಚಿಕ್ಕಬೋರಮ್ಮನನ್ನು ಕೇಳಿಕೊಂಡು ಬರಬೇಕಂತೆ. ಇಷ್ಟು ಓದಿ ಬಸ್ಸು ಹತ್ತಿ ಅಜ್ಜಿಯ ಅಡುಗೆಮನೆ ವಿಚಾರಿಸಲು ಹೋಗುವ ಯೋಗ. ಮುಖ ಊದಿಸಿಕೊಂಡೇ ಒಪ್ಪಿದೆ.

ಸೆಪ್ಟೆಂಬರ್ ೧೭, ಹಲಗೂರಿನಿಂದ ಬಂದ ಮೇಲೆ

ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಹಲಗೂರಿನಲ್ಲಿ ಇಳಿದೆ. ಚಿಕ್ಕಬೋರಮ್ಮನ ಮನೆ ಊರ ಹೊರಗೆ, ಹಿಪ್ಪುನೇರಳೆ ತೋಟದ ಪಕ್ಕ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ನನ್ನನ್ನು ಕಂಡದ್ದೇ ಕೈಯಲ್ಲಿದ್ದ ಸೊಪ್ಪು ಜಾರಿತು.

"ಮಗಿಗೇನಾದ್ರೂ ಆಯ್ತೇನಪ್ಪ?"

ಏನೂ ಆಗಿಲ್ಲ, ಮಾತಾಡಿಸಿ ಹೋಗಲು ಬಂದೆ ಅಂದೆ. ಕೂತುಕೊಂಡಳು. ಮೇಡಂ ಕೇಳುವ ಹಾಗೆಯೇ, ಎದ್ದಾಗಿನಿಂದ ಹೇಳಿ ಅಂತ ಕೇಳಿದೆ. ಬ್ರೆಡ್ಡು, ಹಾಲು, ರಸ್ಕು, ಗಂಜಿ ಅಂತ ಗಿಣಿಪಾಠ ಒಪ್ಪಿಸಿದಳು. ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಹುಳಗಳು ಸೊಪ್ಪು ತಿನ್ನುವ ಚರಚರ ಸದ್ದು ಮಾತ್ರ ಕೇಳುತ್ತಿತ್ತು. ಬೇರೆ ಮಾತು ತೆಗೆಯೋಣ ಅಂತ ಇವು ಏನೆಲ್ಲ ತಿನ್ನುತ್ತವೆ ಅಂದೆ.

"ಇದ್ನ ಬುಟ್ರೆ ಬ್ಯಾರೆ ಸೊಪ್ಪು ಆಗಾಕಿಲ್ಲ ಕಣಪ್ಪ. ಎಷ್ಟು ಪಿರೂತಿಯಿಂದ ಆಕಿದ್ರೂವೆ ಸಾಯ್ತವೆ." ಹೀಗಂದು ಎದ್ದಳು. "ಉಣ್ಣೋವೊತ್ತಾಯ್ತು. ಇಷ್ಟ್ ದೂರ ಬಂದಿದ್ದೀಯ, ಅಂಗೇ ಕಳ್ಸಾಕಾಯ್ತದಾ? ಕುಂತ್ಕೊ."

ಮುದ್ದೆ, ಉಪ್ಸಾರು. ನನ್ನ ಪಾಡಿಗೆ ನಾನು ಅಗಿಯತೊಡಗಿದೆ. ಚಿಕ್ಕಬೋರಮ್ಮ ಮೊದಲು ಸೆರಗು ಬಾಯಿಗೆ ಅಡ್ಡ ಹಿಡಿದಳು, ಆಮೇಲೆ ತಡೆಯಲಾಗದೆ ನಕ್ಕೇಬಿಟ್ಟಳು.

"ಅಗೀತಾರೇನಪ್ಪ ಮುದ್ದೇಯ? ಸಾರ್ನಾಗೆ ಅದ್ಕೊಂಡು ನುಂಗ್ಬೇಕು. ನಮ್ ದೀಪಿಕವ್ವ ನಿನ್ಗಿಂತ ಸೆಂದಾಗಿ ನುಂಗ್ತಾಳೆ."

ನಗು ಅಲ್ಲಿಗೇ ನಿಂತಿತು. ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ತುತ್ತು ಕೈಯಲ್ಲೇ ಉಳಿಯಿತು.

ನೆಲ ನೋಡಿಕೊಂಡು ಹೇಳಿದಳು. "ಬಂದ ದಿನ್ವೇ ಬ್ರೆಡ್ಡು ಉಗುಳ್ಬುಡ್ತು ಮಗ. ನಾನು ಮುದ್ದೆ ತೊಳಸ್ತಿದ್ರೆ ವಾಸ್ನೆಗೆ ಬಂದು ಕುಂತ್ಕೊಂಡು ಅಳ್ತು. ಎಂಗಪ್ಪ ಕೊಡ್ದೆ ಇರ್ಲಿ? ವಸಿ ಕೊಟ್ಟೆ. ಮಾರ್ನೆ ದಿನ್ವೂ ಕೇಳ್ತು. ಆಮ್ಯಾಕೆ ತಿಂಗ್ಳೂ ಅದೇಯ. ಮುದ್ದೆ, ಸೊಪ್ಪಿನ ಸಾರು, ಅನ್ನ ಮೊಸ್ರು. ಬ್ರೆಡ್ಡೆಲ್ಲ ನಾಯ್ಗಾಕ್ದೆ." ಕಣ್ಣೊರೆಸಿಕೊಂಡಳು. "ನಾನೇ ಮಾಡ್ಬುಟ್ಟೆ ಕಣಪ್ಪ ಇದ್ನ. ಆಗ ಸೆಂದಾಗಿದ್ಳು, ಆ ಮುದ್ದೆ ಭಾರ ಆಮೇಲೆ ಏರ್ಕೊಂಡದೆ. ಅದ್ಕೇ ನಾನು ಬರ್ಲಿಲ್ಲ ಆಸ್ಪತ್ರೆಗೆ. ಯಾವ್ ಮೊಖ ಇಟ್ಕೊಂಡು ಬರ್ಲಿ? ಅಳಿಯಂದ್ರಿಗೆ ಯೋಳ್ಬ್ಯಾಡ."

ಸಮಾಧಾನ ಹೇಳೋಣವೆಂದರೆ ನನಗೇ ಇನ್ನೂ ಏನೂ ಗೊತ್ತಾಗಿರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಮೇಡಂಗೆ ಫೋನ್ ಮಾಡಿ ಹೇಳಿದೆ. ಅವರು ನಿಧಾನವಾಗಿ, ತಮಗೇ ಹೇಳಿಕೊಳ್ಳುವಂತೆ ಅಂದರು. "ಬ್ರೆಡ್ಡು. ರಸ್ಕು. ರವೆ. ನಿಮ್ಮ ಬಿಸ್ಕತ್ತು. ಪಥ್ಯಕ್ಕೆ ಮುಂಚೆ ಅವರಪ್ಪನ ವಡೆ, ಅದರಲ್ಲೂ ಮೈದಾ, ರವೆ. ಎಲ್ಲಾ ಗೋಧಿ, ಶಶಿಧರ್."

ನಾನು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಸೀಲಿಯಾಕ್ ಕಾಯಿಲೆ. ಗೋಧಿಯಲ್ಲಿರುವ ಒಂದು ಅಂಶ ಕೆಲವರ ಕರುಳಿಗೆ ಆಗಿಬರುವುದಿಲ್ಲ. ಕರುಳು ಸವೆಯುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ, ಲಿವರಿಗೂ ಪೆಟ್ಟು. ಪುಸ್ತಕದಲ್ಲಿ ಅದು ಮೂರು ಹೊತ್ತು ಗೋಧಿ ತಿನ್ನುವ ಉತ್ತರದವರ ಕಾಯಿಲೆ. ಮುದ್ದೆ ನಾಡಿನಲ್ಲಿ ಅದನ್ನು ಹುಡುಕಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಹುಷಾರಿಲ್ಲ ಅಂತ ಮುದ್ದೆ ಬಿಡಿಸಿ ಬ್ರೆಡ್ಡು ಹಿಡಿಸಿದ್ದರು, ಬ್ರೆಡ್ಡಿನಿಂದಲೇ ಹುಷಾರು ತಪ್ಪುತ್ತಿತ್ತು.

"ನಾಳೆ ರಕ್ತ ಕಳಿಸಿ," ಅಂದರು ಮೇಡಂ. "ಎಂಡೋಸ್ಕೋಪಿ ಆಗೋವರೆಗೂ ಬ್ರೆಡ್ ನಿಲ್ಲಿಸಬೇಡಿ. ನಿಲ್ಲಿಸಿದ್ರೆ ಪರೀಕ್ಷೆ ಸುಳ್ಳು ಹೇಳುತ್ತೆ."

ವಾರ್ಡಿಗೆ ಬಂದೆ. ದೀಪಿಕ ಎದ್ದು ಕೂತಿದ್ದಳು. ಕೈಯಲ್ಲಿದ್ದ ಬಿಸ್ಕತ್ತನ್ನು ಅರ್ಧ ಮಾಡಿ ನನಗೆ ಚಾಚಿದಳು. ಬೇಡ ಅನ್ನುವ ಹಾಗಿಲ್ಲ, ತಿನ್ನು ಅನ್ನಲು ಬಾಯಿ ಬರಲಿಲ್ಲ. ಅವಳ ಪಾಲಿನ ಅರ್ಧವನ್ನೂ ಕಸಿದುಕೊಂಡು ನಾನೇ ತಿಂದೆ. ಕಳ್ಳ ಡಾಕ್ಟ್ರು ಅಂದಳು.

ಸೆಪ್ಟೆಂಬರ್ ೨೪

ಸೀಲಿಯಾಕ್ ರಕ್ತಪರೀಕ್ಷೆಯ ಅಂಕಿ ಮಾಪನದ ಮಿತಿ ದಾಟಿ ಬಂತು. ಇವತ್ತು ಎಂಡೋಸ್ಕೋಪಿ. ಬಾಯಿಂದ ಕರುಳಿಗೆ ಇಳಿಸುವ ಕ್ಯಾಮೆರಾ ಕೊಳವೆಯನ್ನು ಮೇಡಂ ನನ್ನ ಕೈಗೆ ಕೊಟ್ಟರು, ತಾವು ಪಕ್ಕದಲ್ಲಿ ನಿಂತರು. ಸಣ್ಣ ಕರುಳಿನ ಒಳಮೈ ಹೊಸ ಟವೆಲ್ಲಿನಂತೆ ದಟ್ಟವಾಗಿರಬೇಕು. ಇವಳದ್ದು ಒಗೆದೊಗೆದು ಸವೆದ ಪಂಚೆಯಂತಿತ್ತು. ನಾಲ್ಕೈದು ಚೂರು ತೆಗೆದು ಪರೀಕ್ಷೆಗೆ ಕಳಿಸಿದೆ. ನನ್ನ ಮೊದಲ ಬಯಾಪ್ಸಿ ಅಂತ ಈಗ, ಬರೆಯುವಾಗ ನೆನಪಾಯಿತು.

ಅಕ್ಟೋಬರ್ ೩

ಬಯಾಪ್ಸಿ ವರದಿ ಬಂತು, ಅದೇ. ಮೇಡಂ ವೀಣಳಿಂದ ಫೋನ್ ಮಾಡಿಸಿ ಚಿಕ್ಕಬೋರಮ್ಮನನ್ನೂ ತಮ್ಮ ಕೋಣೆಗೆ ಕರೆಸಿದರು. ಆಕೆ ಬಾಗಿಲಲ್ಲೇ ನಿಂತಳು. ಮಹದೇವ ಅವಳ ಕಡೆ ತಿರುಗಲಿಲ್ಲ. ಮೇಡಂ ಎದ್ದು ಹೋಗಿ ಕೈ ಹಿಡಿದು ಕರೆತಂದು ತಮ್ಮ ಕುರ್ಚಿಯಲ್ಲಿ ಕೂರಿಸಿದರು, ತಾವು ಗಿಡ್ಡ ಸ್ಟೂಲಿನ ಮೇಲೆ ಕೂತರು.

"ನಿಮ್ಮ ರೇಷ್ಮೆ ಹುಳಕ್ಕೆ ಬೇರೆ ಸೊಪ್ಪು ಹಾಕಿದ್ರೆ ಏನಾಯ್ತದೆ ಅಜ್ಜಿ?"

"ಆಗಾಕಿಲ್ಲ ಕಣವ್ವ, ಸಾಯ್ತವೆ."

"ಅಂಗೇಯ ಇವ್ಳಿಗೆ ಗೋಧಿ. ಬ್ರೆಡ್ಡು, ಬಿಸ್ಕತ್ತು, ರವೆ, ಮೈದಾ ಯಾವುದೂ ಆಗಾಕಿಲ್ಲ. ಈ ಜನ್ಮಕ್ಕೆ ಬೇಡ. ಮುದ್ದೆ, ಅನ್ನ ಆಯ್ತದೆ. ಆ ತಿಂಗಳು ನಿಮ್ಮನೇಲಿ ಇವಳು ಸುಧಾರಿಸಿದ್ದು ಅದಕ್ಕೇ. ನೀವು ಕೆಡಿಸ್ಲಿಲ್ಲ ಅಜ್ಜಿ."

ಮೇಡಂ ಆಮೇಲೆ ವೀಣಳ ಕಡೆ ತಿರುಗಿ ಹೇಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಮೊದಲ ದಿನವೇ ನೀನು ಬ್ರೆಡ್ಡು, ರಸ್ಕು, ರವೆ ಅಂತ ಎಲ್ಲಾ ಬಿಡಿಸಿ ಹೇಳಿದ್ದೆ. ನಾನು ಕೇಳಿಸ್ಕೊಂಡು ಶಹಬ್ಬಾಸ್ ಅಂದೆ. ತಡವಾಗಿದ್ದು ನನ್ನಿಂದ. ನಿನ್ನಿಂದ ಅಲ್ಲ, ನಿಮ್ಮವ್ವನಿಂದ ಅಲ್ಲ."

ಎಷ್ಟು ಜನ ಪ್ರೊಫೆಸರುಗಳ ಹಿಂದೆ ರೌಂಡ್ಸ್ ಹೋಗಿದ್ದೇನೆ. ರೋಗಿಯ ಮನೆಯವರೆದುರು ಹೀಗೆ ಹೇಳಿದವರನ್ನು ಕಂಡಿರಲಿಲ್ಲ. ಎದ್ದು ನಮಸ್ಕಾರ ಮಾಡಬೇಕು ಅನ್ನಿಸಿತು. ಮಾಡಲಿಲ್ಲ, ಪೆನ್ನು ಬೀಳಿಸಿಕೊಂಡು ಹುಡುಕಿದೆ.

ಮನೆಯಲ್ಲಿ ಹಿಟ್ಟಿನ ಧೂಳೂ ಇರಕೂಡದು, ಕೈಗೆ ಅಂಟಿದ್ದು ಹೊಟ್ಟೆಗೆ ಹೋದರೂ ಸಾಕು ಅಂದಾಗ ಮಹದೇವ ಮೊದಲ ಸಲ ಬಾಯಿ ತೆರೆದ.

"ಊರಿಗೆಲ್ಲ ಆಯ್ತದೆ ನಾ ಮಾಡಿದ್ದು. ರೈಲ್ನಾಗೆ ಓಗೋರ್ಗೂ ಆಯ್ತದೆ. ನನ್ ಕೈದು ನನ್ ಮಗೀಗೆ ಆಗಾಕಿಲ್ವಾ?"

ಅವನು ಎದ್ದು ಹೊರಗೆ ಹೋದ. ವಾರ್ಡಿನ ಕಿಟಕಿಯ ಮೇಲಿನ ಬ್ರೆಡ್ಡುಗಳನ್ನೆಲ್ಲ ವೀಣ ಚೀಲಕ್ಕೆ ತುಂಬಿದಳು.

ಅಕ್ಟೋಬರ್ ೨೭, ಮದ್ದೂರು

ಭಾನುವಾರ. ಮದ್ದೂರಿಗೆ ಹೋಗಿಬಂದೆ, ಯಾರೂ ಕಳಿಸಿರಲಿಲ್ಲ. ದೀಪಿಕ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಯರ ಜೊತೆಗಿದ್ದಳು. ಕಾಲಿನ ಊತ ಇಳಿದಿದೆ.

ಹಿಟ್ಟು ಕಲಸುವ ಕೆಲಸವನ್ನು ಮಹದೇವ ಅಂಗಡಿಗೇ ಸಾಗಿಸಿದ್ದಾನೆ. ಮನೆಗೆ ಹೊಸ ಪಾತ್ರೆ ಬಂದಿವೆ. ನಾನಿದ್ದಾಗಲೇ ಅಂಗಡಿಯಿಂದ ಬಂದ. ಅಂಗಿಯನ್ನು ಹೊರಗೇ ಬಿಚ್ಚಿ ನೇತುಹಾಕಿ, ತೊಟ್ಟಿಯ ಹತ್ತಿರ ತಲೆಗೆ ನೀರು ಹುಯ್ದುಕೊಂಡು, ಬ್ರಷ್ಷಿನಿಂದ ಉಗುರು ಉಜ್ಜಿದ. ದೀಪಿಕ ಓಡಿಬಂದಳು. ಅವನು ಎರಡು ಕೈಯನ್ನೂ ಬೆನ್ನ ಹಿಂದೆ ಇಟ್ಟುಕೊಂಡ.

"ತಬ್ಬಿಕೊಂಡರೆ ಏನೂ ಆಗಲ್ಲ ಮಹದೇವ. ಬಾಯಿಗೆ ಹೋಗಬಾರದು ಅಷ್ಟೇ," ಅಂದೆ.

"ಇರ್ಲಿ ಬುಡಿ ಸಾ. ಉಗುರ್ನಾಗೆ ಉಳ್ಕೊಂಡಿದ್ರೆ? ಅವತ್ತಿಂದ ನಾ ಅವ್ಳಿಗೆ ಒಂದು ತುತ್ತೂ ಉಣ್ಸಿಲ್ಲ."

ಹಿಟ್ಟಿನ ಒಂದು ಕಣಕ್ಕೂ ಇಷ್ಟು ಅಂಜುವ ಈ ಒರಟನ ಬಗ್ಗೆ ನನಗೆ ಏನೇನೋ ಅನ್ನಿಸಿತು. ಅತ್ತೆಯ ಜೊತೆ ಮಾತಾಡಿದೆಯಾ ಅಂತ ಕೇಳಿದೆ. ತಲೆ ಅಲ್ಲಾಡಿಸಿದ.

"ಏನಂತ ಮಾತಾಡ್ಲಿ ಸಾ. ವಾರ್ಡ್ನಾಗೆ ಅಷ್ಟು ಜನ್ರ ಮುಂದೆ ಅಂದ್ಬುಟ್ಟೆ. ಫೋನು ತಕ್ಕೊತೀನಿ, ಮಡುಗ್ಬುಡ್ತೀನಿ."

ನವೆಂಬರ್ ೨೧

ಕಿರುಗಾವಲಿನಿಂದ ಹೊಟ್ಟೆನೋವಿನ ಹುಡುಗಿ. ತಾಯಿಗೆ ನಿನ್ನೆ ಎದ್ದಾಗಿಂದ ಯೋಳವ್ವ ಅಂದೆ. ಆಕೆ ಎಮ್ಮೆ ಕರು ಹಾಕಿದ್ದರಿಂದ ಶುರುಮಾಡಿದಳು. ಹೊರಗೆ ಸಾಲು ಮೆಟ್ಟಿಲು ಇಳಿಯಿತು, ಸಿಸ್ಟರ್ ಎರಡು ಸಲ ಇಣುಕಿದರು. ಇಣುಕಲಿ.

ಚಳಿ ಶುರುವಾಗಿದೆ. ಕೈ ಬೆಚ್ಚಗಾಗಲು ಹೆಚ್ಚು ಹೊತ್ತು ಉಜ್ಜಬೇಕು.

ಜನವರಿ ೮

ದಿಲ್ಲಿಯಿಂದ ಫೋನ್ ಬಂದಿತ್ತು, ಒಂದು ಜಾಗ ಖಾಲಿಯಾಗಿದೆಯಂತೆ, ಇವತ್ತೇ ಹೇಳಬೇಕಂತೆ. ಹತ್ತು ನಿಮಿಷದಲ್ಲಿ ಮಾಡುತ್ತೇನೆ ಅಂದೆ. ಅಷ್ಟರಲ್ಲಿ ದೀಪಿಕಳ ರಕ್ತದ ವರದಿ ಬಂತು, ಲಿವರಿನ ಅಂಕಿಗಳು ಎಲ್ಲರ ಮಕ್ಕಳ ಹಾಗೆ ಇವೆ. ಮೇಡಂಗೆ ತೋರಿಸಲು ಓಡಿದೆ. ಫೋನ್ ಮಾಡುವುದು ಮರೆತೇಹೋಯಿತು.

ಜನವರಿ ೯, ಮಳವಳ್ಳಿ

ಶಿಬಿರಕ್ಕೆ ದೀಪಿಕ, ಅಪ್ಪ ಅಮ್ಮ ಮೂವರೂ ಬಂದಿದ್ದರು, ಮಹದೇವ ಅಂಗಡಿ ಮುಚ್ಚಿಕೊಂಡು ಬಂದಿದ್ದ. ದೀಪಿಕಳ ಎತ್ತರ ಆಗಸ್ಟಿನಲ್ಲಿ ಇಲ್ಲಿನ ಗೋಡೆಯ ಮೇಲೆ ಹಾಕಿದ್ದ ಗುರುತನ್ನು ದಾಟಿದೆ. ಹಲಗೂರಿನಿಂದ ಚಿಕ್ಕಬೋರಮ್ಮನೂ ಬಂದಳು, ಸೊಂಟದಲ್ಲಿ ಬಟ್ಟೆ ಸುತ್ತಿದ ಪಾತ್ರೆ. ಅಳಿಯನನ್ನು ಕಂಡು ದೂರದಲ್ಲೇ ನಿಂತಳು. ಅವನೂ ಚಪ್ಪಲಿ ನೋಡಿಕೊಂಡು ನಿಂತ.

ಕೆಲಸ ಮುಗಿದ ಮೇಲೆ ಭವನದ ಹಿಂದಿನ ಹೊಂಗೆ ಮರದ ಕೆಳಗೆ ಎಲ್ಲರಿಗೂ ಊಟ. ಪಾತ್ರೆಯಿಂದ ಮುದ್ದೆ ಇನ್ನೂ ಬಿಸಿಯಾಗಿ ಬಂತು, ಜೊತೆಗೆ ಅವರೆಕಾಳು ಸಾರು. ಮೇಡಂ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರು. ಸಾರು ಬಹಳ ಚೆನ್ನಾಗಿತ್ತು. ನಾನು ಎರಡು ಮುದ್ದೆ ನುಂಗಿ ಮೂರನೆಯದಕ್ಕೆ ಕೈ ಚಾಚಿದೆ. ಮೇಡಂ ನನ್ನನ್ನೇ ನೋಡಿ ನಗುತ್ತಿದ್ದರು, ಯಾಕೋ ಗೊತ್ತಾಗಲಿಲ್ಲ.

ದೀಪಿಕ ತನ್ನ ತಟ್ಟೆಯನ್ನು ತಂದೆಯ ಮುಂದೆ ತಳ್ಳಿದಳು. "ಅಪ್ಪ, ನೀನು ಉಣ್ಸು."

ವೀಣ ಏನೋ ಹೇಳಲು ಹೋದಳು. ಮಹದೇವ ಎದ್ದು ನಲ್ಲಿಗೆ ಹೋಗಿ ಸೋಪು ಹಚ್ಚಿ ಮೊಣಕೈಯವರೆಗೂ ತೊಳೆದ. ಬಂದು ಕೂತ. ಮುದ್ದೆ ಮುರಿಯಲು ಕೈ ಮುಂದೆ ಮಾಡಿ, ಉಗುರುಗಳನ್ನು ನೋಡಿಕೊಂಡ. ಮತ್ತೆ ಎದ್ದು ಹೋಗಿ ತೊಳೆದು ಬಂದ. ಮಗು ಬಾಯಿ ತೆರೆದುಕೊಂಡೇ ಕಾಯುತ್ತಿತ್ತು. ಸಾಕು ಮಹದೇವ, ಕೈ ಶುದ್ಧವಾಗಿದೆ ಅಂತ ನಾನು ಹೇಳಬೇಕು ಅನ್ನುವಷ್ಟರಲ್ಲಿ ಮೇಡಂ ನನ್ನ ಮೊಣಕೈ ಮುಟ್ಟಿ ಸುಮ್ಮನಿರಿಸಿದರು.

ಅವನು ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಮರದ ಆಚೆ ಬದಿಗೆ ಒಬ್ಬಳೇ ಕೂತಿದ್ದ ಚಿಕ್ಕಬೋರಮ್ಮನ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತ.

"ಅತ್ತೆ, ನೀವೇ ಉಣ್ಸಿ. ನಿಮ್ ಕೈದು ಅವ್ಳಿಗೆ ಆಯ್ತದೆ."

ಚಿಕ್ಕಬೋರಮ್ಮ ಅವನ ಮುಖ ನೋಡಲಿಲ್ಲ. ತಟ್ಟೆ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ತುತ್ತು ಮುರಿದು, ಉರುಟು ಮಾಡಿ, ಸಾರಿನಲ್ಲಿ ಅದ್ದಿ, ಓಡಿಬಂದ ಮೊಮ್ಮಗಳ ಬಾಯಿಗಿಟ್ಟಳು. "ಅಗೀಬ್ಯಾಡ ಕಣವ್ವ, ನುಂಗು." ಮಗು ನುಂಗಿ ಮತ್ತೆ ಬಾಯಿ ತೆರೆಯಿತು.

ಆಮೇಲೆ ಪಾತ್ರೆಯಲ್ಲಿದ್ದ ಕೊನೆಯ ಮುದ್ದೆಯನ್ನು ತೆಗೆದು ಎಲೆಯ ಮೇಲಿಟ್ಟು, ಸಾರು ಬಿಟ್ಟು, ಅಳಿಯನ ಕಡೆ ಸರಿಸಿದಳು. "ನೀವೂ ಉಣ್ಣಿ. ತಣ್ಗಾಯ್ತದೆ."

ಮಹದೇವ ಮತ್ತೊಮ್ಮೆ ಎದ್ದು ನಲ್ಲಿಯ ಹತ್ತಿರ ಹೋದ. ಈ ಸಲ ಮುಖ ತೊಳೆದುಕೊಂಡು ಬಂದು ಕೂತ.